ಮೂಲಗಲ್ಲಿನಿಂದ ದಸ್ತಗೀರ ಕಾಕಾನ ಮನೆಗೆ

ನಮ್ಮೂರಿನಲ್ಲಿ ಬೆಳಗಿನ ಆರು ಗಂಟೆಗೆ ಬೀದಿಗಳು ಎದ್ದು ಜಾಗ ಬದಲಿಸುತ್ತವೆ. ಒಲೆಯ ಮೇಲಿನ ಹಾಲು ಚೆಲ್ಲುವುದಿಲ್ಲ, ತೊಟ್ಟಿಲಿನ ಕೂಸು ಏಳುವುದಿಲ್ಲ. ಬಾಗಿಲು ತೆರೆದು ನೋಡಿದರೆ ನಿನ್ನೆ ಬಳೆಗಾರ ಬೀದಿ ಇದ್ದಲ್ಲಿ ಇವತ್ತು ಕುಂಬಾರ ಬೀದಿ ಇರುತ್ತದೆ, ಅಷ್ಟೇ. ಹೀಗೆ ಒಟ್ಟು ನೂರಾ ನಲವತ್ತು ಬೀದಿ. ಜಾಗ ಬಿಟ್ಟು ಕದಲದೇ ಇರುವುದು ಚೌಕದ ನಡುವಿನ ಮೂಲಗಲ್ಲು ಮತ್ತು ಅದರ ಸುತ್ತ ಇರುವ ಐದಾರು ಕಟ್ಟಡ. ಕಲ್ಲು ಮೊಣಕಾಲೆತ್ತರ, ಮೇಲೆ ಕೂತರೆ ಬೇಸಿಗೆಯಲ್ಲೂ ತಣ್ಣಗೆ ಹತ್ತುತ್ತದೆ. ಹಾಗಾಗಿ ಯಾರ ಮನೆಯ ದಾರಿ ಹೇಳುವುದಾದರೂ ಕಲ್ಲಿನಿಂದ ಶುರು ಮಾಡಬೇಕು. ಮಕ್ಕಳಿಗೆ ಮಾತು ಬಂದ ಕೂಡಲೇ ನಾವು ಕಲಿಸುವುದು ಇದನ್ನು. ದಾರಿ ತಪ್ಪಿದ ಕೂಸೊಂದು ಅಳುತ್ತ ನಿಂತು, "ನಮ್ಮನಿ ಬೇವಿನ ಗಿಡದ ಆಚಿ, ಎಡಗಡೆ" ಎಂದರೆ ದೊಡ್ಡವರು ಕೇಳುವುದು ಒಂದೇ ಮಾತು: "ಎಲ್ಲಿ ನಿಂತು ಹೇಳಾಕತ್ತಿ?" ಕೂಸು ಅಳು ನಿಲ್ಲಿಸಿ, ಕಲ್ಲಿನ ಹತ್ತಿರ ತಾನು ನಿಂತ ಹಾಗೆ ನೆನೆದುಕೊಂಡು, ಅಲ್ಲಿಂದ ಹೇಳುತ್ತದೆ. ನಾನೇ ಎಷ್ಟೋ ಮಕ್ಕಳಿಗೆ ಈ ಮಾತು ಕೇಳಿದ್ದೇನೆ. ನನಗೆ ಅದನ್ನು ಕೇಳಿದವರು ಒಬ್ಬರೇ, ಅದೂ ನನ್ನ ಐವತ್ತೆರಡನೇ ವಯಸ್ಸಿನಲ್ಲಿ. ಕೇಳಿದಾಗ ಅವರ ಹತ್ತಿರ ಇನ್ನು ಒಂದು ತಾಸಿನ ಉಸಿರು ಮಾತ್ರ ಉಳಿದಿತ್ತು.

ಅವರು ದಸ್ತಗೀರ ಕಾಕಾ. ಮಗ್ಗದ ಮೇಲೆ ಕೂತಿರುವ ಜಕಾರ್ಡ್ ಯಂತ್ರ ರಿಪೇರಿ ಮಾಡುವುದು ಅವರ ಕಸುಬು. ರಟ್ಟಿನ ಪಟ್ಟಿಯಲ್ಲಿ ತೂತು ಕೊರೆದರೆ ಆ ತೂತು ಹೇಳಿದಂತೆ ಎಳೆಗಳು ಏಳುತ್ತವೆ, ಇಳಿಯುತ್ತವೆ, ಸೆರಗಿನಲ್ಲಿ ನವಿಲು ಮೂಡುತ್ತದೆ. ಊರಿಗೆ ಮೊದಲ ಕಂಪ್ಯೂಟರ್ ಬಂದಾಗ ಕಾಕಾ ಅದರ ಮುಂದೆ ಅರ್ಧ ದಿನ ಕೂತು, "ಇದೂ ಜಕಾರ್ಡ ಐತಿ, ರಟ್ಟು ಕಾಣಂಗಿಲ್ಲ ಅಷ್ಟ" ಎಂದು ಎದ್ದರಂತೆ.

ಅದಕ್ಕೂ ಮೊದಲು ನಮ್ಮಲ್ಲಿ ಕೂಗು ಇತ್ತು. ಬೀದಿಗಳು ಕೂತ ಮೇಲೆ ಪ್ರತಿ ಬೀದಿಯ ಬಾಯಲ್ಲಿ ಒಬ್ಬರು ನಿಂತು ತಮ್ಮ ಬೀದಿಯ ಹೆಸರನ್ನು ಪಕ್ಕದ ಬೀದಿಗೆ ಕೂಗಬೇಕು. ಪಕ್ಕದವರು ಅದಕ್ಕೆ ತಮ್ಮ ಹೆಸರು ಸೇರಿಸಿ ಆಚೆಗೆ ಕೂಗಬೇಕು. ಹಾಗೆ ಹೆಸರುಗಳು ಪೋಣಿಸಿಕೊಳ್ಳುತ್ತ ಕಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಶಾಲೆಯ ಗಂಟೆ ಹನ್ನೆರಡಕ್ಕೆ. ವೈದ್ಯರು ಮನೆ ತಲುಪುವ ಹೊತ್ತಿಗೆ ಜ್ವರ ತಾನೇ ಇಳಿದಿರುತ್ತಿತ್ತು, ಇಲ್ಲವೇ ಮನುಷ್ಯನನ್ನು ಕರೆದುಕೊಂಡು ಹೋಗಿರುತ್ತಿತ್ತು. ಕಾಕಾ ಪ್ರತಿ ಬೀದಿಯ ಬಾಯಿಗೆ ಒಂದು ಕಂಬ ನೆಟ್ಟು, ಕಂಬಕ್ಕೊಂದು ಡಬ್ಬಿ ಕಟ್ಟಿದರು. ಡಬ್ಬಿಗೆ ಗೊತ್ತಿರುವುದು ಇಷ್ಟೇ: ಇವತ್ತು ನನ್ನ ಎಡಕ್ಕೆ ಯಾರು, ಬಲಕ್ಕೆ ಯಾರು. ಈ ತುಂಡು ಮಾತುಗಳೆಲ್ಲ ಬೀದಿ ಫೈಲ್ ಎಂಬ ಒಂದೇ ಕಡೆ ಬಂದು ಬೀಳುತ್ತವೆ. ಅವನ್ನು ಹಿಡಿದು, ಮಗ್ಗದ ಹಾಸಿನ ಉದ್ದೆಳೆಗಳ ನಡುವೆ ಲಾಳಿ ಓಡಿದ ಹಾಗೆ ಅತ್ತಿಂದಿತ್ತ ಓಡಿ, ಕಲ್ಲಿನಿಂದ ಪ್ರತಿ ಮನೆಗೆ ದಾರಿ ನೇಯುವ ಒಂದು ಪ್ರೋಗ್ರಾಮ್ ಬರೆದರು. ಅದಕ್ಕೆ ಲಾಳಿ ಎಂದೇ ಹೆಸರಿಟ್ಟರು. ಅದು ಯಂತ್ರಕ್ಕೆ ತೀರ ಹತ್ತಿರದ ಹಳೆಯ ಭಾಷೆಯಲ್ಲಿದೆ. ಆಮೇಲೆ ಮೊಬೈಲ್ ಬಂದಾಗ ಹೊರಗಿನವರು ಬಂದು ವೆಬ್ ಆಪ್ ಮಾಡಿಕೊಟ್ಟರು. ಹೆಸರು ಒತ್ತಿದರೆ ದಾರಿ ಬರುತ್ತದೆ. ಆಪ್ ಹೊಸ ಭಾಷೆಯದು, ನೋಡಲು ಚೆಂದ. ಆದರೆ ದಾರಿ ಕೇಳಿದರೆ ಅದು ಹಿಂದಕ್ಕೆ ತಿರುಗಿ ಲಾಳಿಯನ್ನೇ ಕೇಳುತ್ತದೆ. ಸರ್ವರಿನವರು ಇಂಥದ್ದಕ್ಕೆ ಲೈಬ್ರರಿ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ಪುಸ್ತಕಗಳಿವೆ ಎಂದುಕೊಂಡು ಧೂಳು ಒರೆಸಲು ಬಟ್ಟೆ ತಂದಿದ್ದೆ.

ನಾನು ಶಂಕ್ರವ್ವ. ಚೌಕದ ಕಚೇರಿಗೆ ಚಹಾ ಮಾಡಲು ಸೇರಿದವಳು. ಹಿಂದಿನ ಕೋಣೆಯಲ್ಲೇ ನನ್ನ ವಾಸ. ಕಚೇರಿ ಕದಲದ ಕಟ್ಟಡವಾದ್ದರಿಂದ ಬೆಳಿಗ್ಗೆ ತಪ್ಪದೆ ಹಾಜರಿರುತ್ತಿದ್ದವಳು ನಾನೊಬ್ಬಳೇ. ಸರ್ವರ್ ನೋಡಿಕೊಳ್ಳಲು ಯಾರನ್ನಿಡಬೇಕು ಎಂಬ ಮಾತು ಬಂದಾಗ ಕಾಕಾ ನನ್ನ ಕಡೆ ಕೈ ತೋರಿಸಿದರು. "ಇಕಿ ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅಂತಾಳ. ಇಕಿನ್ನ ಕುಂಡ್ರಸ್ರಿ" ಎಂದರು. ಕಚೇರಿಯವರು ನಕ್ಕರು, ಆದರೂ ಕೂರಿಸಿದರು. ಬೀದಿಗಳು ಕೂತ ಮೇಲೆ ಆರು ಗಂಟೆ ಐದು ನಿಮಿಷಕ್ಕೆ ನಾನು ಐದು ಸಾಲು ಒತ್ತಬೇಕು, ಆರು ಗಂಟೆ ಹತ್ತಕ್ಕೆ ಊರಿಗೆಲ್ಲ ದಾರಿ ಸಿಗಬೇಕು. ಕಾಕಾ ಐದೂ ಸಾಲನ್ನು ಒಂದು ರಟ್ಟಿನ ಮೇಲೆ ಬರೆದುಕೊಟ್ಟಿದ್ದರು. ಎರಡರಿಂದ ಐದರವರೆಗಿನ ಸಾಲು ಏನು ಮಾಡುತ್ತವೆ ಎಂದು ದಿನ ಕಳೆದ ಹಾಗೆ ನನಗೆ ತಿಳಿಯಿತು, ಒತ್ತಿದರೆ ಏನಾದರೂ ಆಗುತ್ತಿತ್ತು. ಮೊದಲ ಸಾಲು ಒತ್ತಿದರೆ ಏನೂ ಆಗುತ್ತಿರಲಿಲ್ಲ. ಎರಡು ಇಂಗ್ಲಿಷ್ ಅಕ್ಷರ, ಪಕ್ಕಕ್ಕೆ 'ಹಾಸು' ಎಂಬ ಮಾತು. ನೇಕಾರರು ಮಗ್ಗಕ್ಕೆ ಇಳಿಯುವ ಮೊದಲು ಹಾಸನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ನಾನು ಕಂಡಿದ್ದೆ. ಕಾಕಾ ನನ್ನಿಂದ ಯಂತ್ರಕ್ಕೂ ಹಾಗೇ ಕೈ ಮುಗಿಸುತ್ತಿದ್ದಾರೆ ಎಂದು ತಿಳಿದೆ. ಹನ್ನೊಂದು ವರ್ಷ ಭಕ್ತಿಯಿಂದಲೇ ಒತ್ತಿದೆ.

ಈಚೆಗೆ ಕಾಕಾ ಕಚೇರಿಗೆ ಬರುವುದನ್ನು ಬಿಟ್ಟಿದ್ದರು. ಮಗ್ಗದ ಹತ್ತಿಯ ಧೂಳು ಎದೆಯಲ್ಲಿ ಕೂತು, ಮೂಗಿಗೆ ನಳಿಕೆ, ಮಂಚದ ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್. ಚೌಕದಲ್ಲಿ ಸಿಲಿಂಡರ್ ಗೋದಾಮು ನೋಡಿಕೊಳ್ಳುವ ಹುಲಗಪ್ಪ ಮೂರು ದಿನಕ್ಕೊಮ್ಮೆ ಬೆಳಿಗ್ಗೆ ತಳ್ಳುಗಾಡಿಯಲ್ಲಿ ತುಂಬಿದ್ದು ಕೊಟ್ಟು ಖಾಲಿ ಆದದ್ದನ್ನು ತರುತ್ತಿದ್ದ. ಅದೇ ಹೊತ್ತಿಗೆ ಕಚೇರಿಯ ಹಳೆಯ ಸರ್ವರಿನ ಫ್ಯಾನೂ ಉಬ್ಬಸ ಬಂದವರಂತೆ ಏದುಸಿರು ಬಿಡತೊಡಗಿತು. ಹೊಸ ಸರ್ವರ್ ಬಂತು. ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಾನೇ ನಕಲು ಮಾಡಿದೆ. ಹಳೆಯದನ್ನು ಬಿಚ್ಚಿ ಗುಜರಿಗೆ ಕಳಿಸಿದೆವು. ಹೊಸದರಲ್ಲಿ ಒಂದು ಅನುಕೂಲವಿತ್ತು: ಆರು ಗಂಟೆ ಐದಕ್ಕೆ ಅದೇ ತಾನಾಗಿ ಆಪನ್ನು ಎಬ್ಬಿಸುತ್ತದೆ, ಯಾವ ಸಾಲುಗಳನ್ನು ಒತ್ತಬೇಕು ಎಂದು ಮೊದಲೇ ಬರೆದಿಟ್ಟರೆ ಸಾಕು. ನಾನು ನಾಲ್ಕು ಸಾಲು ಬರೆದಿಟ್ಟೆ. ಯಂತ್ರ ತಾನೇ ಏಳುವಾಗ ಕೈ ಮುಗಿಯುವವರು ಯಾರು ಎಂದು ಮೊದಲನೆಯದನ್ನು ಬಿಟ್ಟೆ. ಕಾಕಾನಿಗೆ ಒಂದು ಮಾತು ಕೇಳಬಹುದಿತ್ತು. ಅವರ ಉಸಿರನ್ನು ನನ್ನ ಪ್ರಶ್ನೆಗೆ ಯಾಕೆ ಖರ್ಚು ಮಾಡಿಸಲಿ ಎಂದುಕೊಂಡೆ. ಅವರ ಸಹಾಯವಿಲ್ಲದೇ ಮಾಡಿದೆ ಎಂದು ಹೇಳಿಕೊಳ್ಳುವ ಆಸೆಯೂ ಒಳಗಿತ್ತು, ಯಾಕೆ ಸುಳ್ಳು ಹೇಳಲಿ.

ಮರುದಿನ ಎದ್ದಾಗ ಆರೂವರೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಷ್ಟು ಹೊತ್ತು ಮಲಗಿದ್ದೆ. ಹೊರಗೆ ಗದ್ದಲ.

"ಶಂಕ್ರವ್ವಕ್ಕಾ, ನಿನ್ನ ಹೊಸ ಪೆಟ್ಟಿಗಿ ಇನ್ನಾ ಹಾಸಿಗಿ ಬಿಟ್ಟು ಎದ್ದಿಲ್ಲೇನು?" ಎಂದು ಕೂಗಿದವಳು ಹಾಲಿನ ದ್ಯಾಮವ್ವ. ಅವಳ ಎಮ್ಮೆಗಳ ಕೊಟ್ಟಿಗೆ ಚೌಕದಲ್ಲೇ ಇದೆ. ಎರಡು ಕ್ಯಾನು ಹಾಲು ಹಿಡಿದು ಕಲ್ಲಿನ ಮೇಲೆ ಕೂತಿದ್ದಳು. ಅವಳ ಪಕ್ಕದಲ್ಲಿ ಹುಲಗಪ್ಪ ಗಾಡಿಯಲ್ಲಿ ಸಿಲಿಂಡರ್ ಕಟ್ಟಿಕೊಂಡು ನಿಂತಿದ್ದ.

ಸರ್ವರ್ ಎದ್ದಿತ್ತು. ಪರದೆಯ ಮೇಲೆ ಎರಡೇ ಸಾಲು: ಬೀದಿ ಫೈಲ್ ಸಿಗಲಿಲ್ಲ. ಲಾಳಿ ಸಿಗಲಿಲ್ಲ.

ಹುಡುಕಿದೆ. ಎರಡೂ ಇದ್ದವು. ನಾನೇ ಇಟ್ಟ ಫೋಲ್ಡರಿನಲ್ಲಿ, ನಾನೇ ಇಟ್ಟ ಹಾಗೆ. ಹೆಸರುಗಳ ಕಾಗುಣಿತ ತಾಳೆ ನೋಡಿದೆ, ಸರಿಯಿತ್ತು. ಕೈಯಿಂದ ಆ ನಾಲ್ಕು ಸಾಲು ಒತ್ತಿ ಎಬ್ಬಿಸಿದೆ. ಸಿಗಲಿಲ್ಲ, ಸಿಗಲಿಲ್ಲ ಎಂದೇ ಅಂದಿತು. ಕಣ್ಣೆದುರು ಕೂತ ಮನುಷ್ಯನನ್ನು ತೋರಿಸಿ ಇವನು ಮನೆಯಲ್ಲಿಲ್ಲ ಎಂದಂತಿತ್ತು.

ಏಳು ಗಂಟೆಗೆ ಕಾಕಾನ ಹೆಂಡತಿ ಮಾಬೂಬಿ ಕಾಕು ಫೋನ್ ಮಾಡಿದರು. "ಶಂಕ್ರೀ, ಹುಲಗಪ್ಪ ಹೊಂಟಾನೇನವಾ? ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದೈತಿ. ಒಂಬತ್ತೂವರಿತನಕ ಬರತೈತಿ ಅಂತಾರ ಇವರು."

"ಹೊಂಟಾನ ಕಾಕು, ಈಗ ಹೊಂಡ್ತಾನ. ನಿಮ್ಮ ಬೀದಿ ಆಜೂಬಾಜೂ ಇವತ್ತ ಯಾರದಾರ?"

"ಎಡಕ್ಕ ಗಾಣಿಗೇರ ಓಣಿ, ಬಲಕ್ಕ ಹೂಗಾರ ಓಣಿ. ಅವು ಎಲ್ಲ್ಯದಾವ ನಮಗೇನು ಗೊತ್ತು?"

ನಮಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಬೀದಿ ಬೀದಿ ಕೇಳುತ್ತ ಪೋಣಿಸಿದರೂ ಮಧ್ಯಾಹ್ನವಾಗುತ್ತಿತ್ತು. ಚೌಕದಲ್ಲಿ ಸೇರಿದ ಹಿರಿಯರು ಕೂಗು ಎಬ್ಬಿಸಲು ನೋಡಿದರು. ಆದರೆ ಕೂಗುವವರು ಈಗ ಎಲ್ಲಿದ್ದಾರೆ? ಹೆಸರು ಒತ್ತಿ ದಾರಿ ನೋಡಿ ರೂಢಿಯಾದ ಜನ, ಕೂಗಿಗೆ ಕಿಟಕಿ ತೆಗೆದು "ಏನು ಗದ್ದಲರೀ?" ಎಂದು ಕೇಳಿದರು. ಎಂಟು ಗಂಟೆಯ ಹೊತ್ತಿಗೆ ಕಲ್ಲಿಗೆ ಬಂದು ಮುಟ್ಟಿದ್ದು ಏಳು ಬೀದಿಯ ಹೆಸರು. ಗಾಣಿಗೇರ ಓಣಿಯೂ ಇಲ್ಲ, ಹೂಗಾರ ಓಣಿಯೂ ಇಲ್ಲ.

"ನಾ ಹಂಗ ಹುಡುಕ್ಕೋಂತ ಹೊಂಡತೀನಿ" ಎಂದ ಹುಲಗಪ್ಪ.

"ಹೋಗು, ನಾಳಿಗೆ ನಿನ್ನ ಹುಡುಕಾಕ ಇನ್ನೊಬ್ಬರ್ನ ಕಳಸ್ತೀವಿ" ಎಂದಳು ದ್ಯಾಮವ್ವ. ಬಾಯಿ ಹಾಗೆ ಅಂದರೂ ಅವಳ ಕಣ್ಣು ಸಿಲಿಂಡರಿನ ಮೇಲಿತ್ತು. ಕ್ಯಾನಿನಲ್ಲಿ ಹಾಲು ಒಡೆಯುವ ಹೊತ್ತಾಗಿತ್ತು, ಅದರ ಮಾತನ್ನು ಅವಳು ಎತ್ತಲೇ ಇಲ್ಲ.

ಎಂಟೂ ಕಾಲಿಗೆ ನಾನು ಫೋನ್ ಎತ್ತಿಕೊಂಡೆ. ಉಸಿರಿಗಾಗಿ ಕಾಯುತ್ತಿರುವ ಮನುಷ್ಯನ ಹತ್ತಿರ ಉಸಿರು ಕೇಳಲು ಹೊರಟಿದ್ದೆ. ಕಾಕು ಫೋನನ್ನು ಅವರ ಕಿವಿಗೆ ಹಿಡಿದರು. ನಾನು ಹೊಸ ಸರ್ವರಿನಿಂದ ಹಿಡಿದು ಎಲ್ಲ ಒಂದೇ ಸಮನೆ ಹೇಳಿದೆ. "ಫೈಲ್ ಅಲ್ಲೇ ಐತಿ ಕಾಕಾ, ಹಾಸು ಫೋಲ್ಡರಿನಾಗ. ಲಾಳಿನೂ ಅದರ ಬಾಜೂಕ ಐತಿ. ಕಣ್ಣಿಗೆ ಕಾಣಾಕತ್ತೈತಿ. ಇದಕ್ಕ ಕಾಣವಲ್ದು."

ಆ ಕಡೆ ಬರೀ ಉಸಿರಾಟ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಮಾತು ಬಂತು.

"ಎಲ್ಲಿ ನಿಂತು ಹೇಳಾಕತ್ತಿ?"

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಆಪಿನ ಸೆಟ್ಟಿಂಗಿನಲ್ಲಿ ಬರೆದಿದ್ದದ್ದು ಇಷ್ಟು: ಬೀದಿ ಫೈಲ್ ಇಲ್ಲೇ ಇದೆ. ಎಲ್ಲಿ ಎಂದರೆ, ಆಪನ್ನು ಎಬ್ಬಿಸಿದವರು ಎಲ್ಲಿ ನಿಂತಿರುತ್ತಾರೋ ಅಲ್ಲಿ. ಹನ್ನೊಂದು ವರ್ಷ ನಾನು ನಮಸ್ಕಾರ ಎಂದುಕೊಂಡು ಒತ್ತಿದ ಆ ಮೊದಲ ಸಾಲು ನನ್ನನ್ನು ಕರೆದುಕೊಂಡು ಹೋಗಿ ಹಾಸು ಫೋಲ್ಡರಿನೊಳಗೆ ನಿಲ್ಲಿಸುತ್ತಿತ್ತು. ಅಲ್ಲಿ ನಿಂತಾಗ ಎಲ್ಲವೂ ಇಲ್ಲೇ ಇರುತ್ತಿತ್ತು. ಈಗ ಸರ್ವರ್ ತಾನೇ ಎದ್ದು, ತನ್ನ ಇಷ್ಟದ ಯಾವುದೋ ಮೂಲೆಯಲ್ಲಿ ನಿಂತು, ಇಲ್ಲೆಲ್ಲಿ ಫೈಲ್ ಎಂದು ಕೇಳುತ್ತಿತ್ತು. ಬೇವಿನ ಗಿಡದ ಆಚೆ ಎಡಗಡೆ ಎಂದು ಅಳುವ ಕೂಸಿಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ. ಹೊರಗಿನ ಬೀದಿಗಳ ವಿಷಯದಲ್ಲಿ ಈ ತಪ್ಪನ್ನು ನಾನು ಸತ್ತರೂ ಮಾಡುತ್ತಿರಲಿಲ್ಲ. ಯಂತ್ರದೊಳಗೆ ಯಾವುದೂ ಕದಲುವುದಿಲ್ಲ ಎಂಬ ಧೈರ್ಯದಲ್ಲಿ ಮಾಡಿದ್ದೆ. ಅಲ್ಲಿ ಯಾವುದೂ ಕದಲಿರಲಿಲ್ಲ ನಿಜ, ನಿಂತವರು ಕದಲಿದ್ದರು.

"ತಿಳೀತು ಕಾಕಾ" ಎಂದೆ. ಫೋನನ್ನು ಕೆಳಗಿಡದೆ ಕುತ್ತಿಗೆಗೆ ಸಿಕ್ಕಿಸಿಕೊಂಡು ಕೂತೆ. ಯಂತ್ರದಲ್ಲೂ ಒಂದು ಮೂಲಗಲ್ಲಿದೆ. ಸ್ಲ್ಯಾಶ್ ಎನ್ನುವ ಒಂದು ಓರೆಗೆರೆ, ಎಲ್ಲ ದಾರಿಯ ಮೊದಲಲ್ಲಿ ಅದನ್ನು ಹಾಕುತ್ತಾರೆ. ಆ ಗೆರೆಯಿಂದ ಶುರು ಮಾಡಿ, ಯಾವ ಫೋಲ್ಡರಿನೊಳಗೆ ಯಾವ ಫೋಲ್ಡರ್ ಎಂದು ಒಂದನ್ನೂ ಬಿಡದೆ, ಬೀದಿ ಫೈಲಿನವರೆಗೆ ಪೂರ್ತಿ ದಾರಿ ಬರೆದೆ. ಆಪನ್ನು ಎಬ್ಬಿಸಿದೆ.

ಬೀದಿ ಫೈಲ್ ಸಿಕ್ಕಿತು. ಲಾಳಿ ಸಿಗಲಿಲ್ಲ.

"ಫೈಲ್ ಸಿಕ್ತು ಕಾಕಾ, ಲಾಳಿ ಸಿಗವಲ್ದು. ಎರಡೂ ಒಂದ ಕಡೆ ಅದಾವಲ್ಲ?"

ಉಸಿರು. ಉಸಿರು. ಹಿಂದಿನಿಂದ ಕಾಕುವಿನ ಧ್ವನಿ: "ಸಾಕು, ಮಾತಾಡಬ್ಯಾಡ್ರೀ." ಕಾಕಾ ಅವರನ್ನು ಗದರಿಸಲೂ ಇಲ್ಲ, ತಮ್ಮ ಮಾತು ನಿಲ್ಲಿಸಲೂ ಇಲ್ಲ. ಎದೆಯಲ್ಲಿ ಇದ್ದುದನ್ನೆಲ್ಲ ಕೂಡಿಸಿ ಹೇಳಿದರು: "ಅವನಿಗೆ... ಬ್ಯಾರೆ ಹೇಳು. ಮೊದಲ ಹೇಳು."

ಅಷ್ಟು ಸಾಕಿತ್ತು. ಲಾಳಿ ಹಳೆಯ ಭಾಷೆಯವನು. ಆಪಿಗೆ ಹೇಳಿದ ದಾರಿ ಅವನ ಕಿವಿಗೆ ಬೀಳುವುದಿಲ್ಲ. ಅಂಥವರನ್ನು ಎಲ್ಲೆಲ್ಲಿ ಹುಡುಕಬೇಕು ಎಂಬ ಪಟ್ಟಿಯೊಂದು ಸರ್ವರಿನ ಬೇರೊಂದು ಸೆಟ್ಟಿಂಗಿನಲ್ಲಿರುತ್ತದೆ. ಆ ಪಟ್ಟಿಯನ್ನು ಸರ್ವರ್ ಏಳುವಾಗ ಒಮ್ಮೆ ಮಾತ್ರ ಓದುತ್ತದೆ. ಎದ್ದ ಮೇಲೆ ಎಷ್ಟು ಬರೆದರೂ ತಿರುಗಿ ನೋಡುವುದಿಲ್ಲ. ಅಂದರೆ ಇಡೀ ಸರ್ವರನ್ನು ನಿಲ್ಲಿಸಿ, ಪಟ್ಟಿಯಲ್ಲಿ ಲಾಳಿ ಇರುವ ಫೋಲ್ಡರನ್ನು ಓರೆಗೆರೆಯಿಂದ ಪೂರ್ತಿಯಾಗಿ ಬರೆದು, ಮತ್ತೆ ಎಬ್ಬಿಸಬೇಕು. ನಿಲ್ಲಿಸಿದೆ. ಬರೆದೆ. ಬರೆದದ್ದನ್ನು ಬೆರಳಿಟ್ಟು ಅಕ್ಷರ ಅಕ್ಷರ ಓದಿದೆ. ಎಬ್ಬಿಸಿದೆ. ಹೊಸ ಯಂತ್ರ ಏಳಲು ನಾಲ್ಕು ನಿಮಿಷ ತೆಗೆದುಕೊಂಡಿತು. ಆ ನಾಲ್ಕು ನಿಮಿಷ ಫೋನಿನಲ್ಲಿ ಕೇಳಿದ ಉಸಿರುಗಳನ್ನು ನಾನು ಎಣಿಸಿದ್ದೇನೆ, ಎಷ್ಟು ಎಂದು ಹೇಳುವುದಿಲ್ಲ.

ಎಂಟು ಗಂಟೆ ಐವತ್ತಕ್ಕೆ ಚೌಕದಲ್ಲಿದ್ದ ಮೊಬೈಲುಗಳೆಲ್ಲ ಒಟ್ಟಿಗೆ ಕುಯ್ಯೆಂದವು.

"ಕಲ್ಲಿನಿಂದ ಮೂಡಣಕ್ಕ, ಎರಡನೇ ತಿರುವು!" ಹುಲಗಪ್ಪ ಓದುತ್ತಲೇ ಗಾಡಿ ತಳ್ಳಿದ. "ಕಂಬಾರ ಓಣಿ ದಾಟಿ ಎಡಕ್ಕ, ಒಂಬತ್ತನೇ ಬಾಯಿ! ಅಯ್ಯ, ಏರು ಐತಲ್ಲೋ ಮಾರಾಯಾ!"

ದ್ಯಾಮವ್ವ ಹಾಲಿನ ಕ್ಯಾನುಗಳನ್ನು ಕಲ್ಲಿನ ಮೇಲೆಯೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಹಿಂದೆ ಕೈ ಹಚ್ಚಿದಳು. "ನೂಕೋ, ನೂಕು! ಗಂಡಸಾಗಿ ಏರಿಗೆ ಅಂಜತೀಯಲ್ಲ!" ಅವಳ ಬೈಗುಳ ಕಂಬಾರ ಓಣಿಯ ತಿರುವಿನವರೆಗೆ ಕೇಳುತ್ತಲೇ ಇತ್ತು. ಆಮೇಲೆ ಕೇಳಲಿಲ್ಲ.

ನಾನು ಫೋನ್ ಹಿಡಿದೇ ಕೂತಿದ್ದೆ. ಊರು ಎದ್ದು ತನ್ನ ತನ್ನ ಕೆಲಸಕ್ಕೆ ಹೊರಟಿತು. ಶಾಲೆಯ ಗಂಟೆ ತಡವಾಗಿ ಹೊಡೆಯಿತು. ಫೋನಿನಲ್ಲಿ ಉಸಿರು ಸಣ್ಣದಾಗುತ್ತ ಬಂತು. ಕಾಕು ಮೆಲ್ಲಗೆ ದುವಾ ಏನೋ ಓದಿಕೊಳ್ಳುತ್ತಿದ್ದರು. ಒಂಬತ್ತೂ ಇಪ್ಪತ್ತಕ್ಕೆ ಬಾಗಿಲು ಬಡಿದ ಸದ್ದು, ಕಬ್ಬಿಣ ನೆಲಕ್ಕೆ ತಾಗಿದ ಸದ್ದು, "ಪಾನಾ ಎಲ್ಲೈತಿ, ಪಾನಾ ಎಲ್ಲೈತಿ" ಎಂದು ನಟ್ಟು ತಿರುಗಿಸಲು ಹುಡುಕುತ್ತಿದ್ದ ಹುಲಗಪ್ಪನ ಕೂಗು, "ನಿನ್ನ ಸೊಂಟದಾಗೈತಿ" ಎಂದು ದ್ಯಾಮವ್ವನ ಕೂಗು. ಆಮೇಲೆ ಸುಯ್ ಎಂಬ ಒಂದು ಸದ್ದು. ಮಗ್ಗದ ಊರಿನಲ್ಲಿ ಹುಟ್ಟಿ, ರೇಷ್ಮೆ ಎಳೆಯ ಸದ್ದನ್ನೆಲ್ಲ ಕೇಳಿ ಬೆಳೆದವಳು ನಾನು. ಅದಕ್ಕಿಂತ ನಯವಾದ ಸದ್ದನ್ನು ಅವತ್ತೇ ಕೇಳಿದ್ದು.

ತುಸು ಹೊತ್ತಿನ ಮೇಲೆ ಕಾಕಾನ ಧ್ವನಿ ಬಂತು, ಇನ್ನೂ ಗೊಗ್ಗರು. "ಶಂಕ್ರೀ, ಈಗೆಲ್ಲಿ ನಿಂತೀ?"

"ಕಲ್ಲಿನ ಹತ್ರ ಕಾಕಾ."

"ಹಾಂ" ಎಂದರು.

ಮಧ್ಯಾಹ್ನ ನಾನು ಮೊಬೈಲು ನೋಡಿಕೊಂಡು, ಮೂಡಣಕ್ಕೆ ಎರಡನೇ ತಿರುವು ಹಿಡಿದು, ಏರು ಹತ್ತಿ ಅವರ ಮನೆಗೆ ಹೋದೆ. ಕೈಯಲ್ಲಿ ಹಳೆಯ ರಟ್ಟು ಇತ್ತು. ಕಾಕಾ ದಿಂಬಿಗೆ ಒರಗಿ ಕೂತಿದ್ದರು, ಮುಖಕ್ಕೆ ಬಣ್ಣ ಬಂದಿತ್ತು. ಕಾಕು ನನಗೆ ಬೈಯಲಿಲ್ಲ, ಚಹಾ ಕೊಟ್ಟು, ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟು ಒಳಗೆ ಹೋದರು. ನಾನು ರಟ್ಟನ್ನು ಮುಂದೆ ಹಿಡಿದು ಮೊದಲ ಸಾಲು ತೋರಿಸಿ, ನಮಸ್ಕಾರದ ಕತೆ ಹೇಳಿದೆ. ಕಾಕಾ ನಗಲು ಶುರು ಮಾಡಿದರು, ನಗು ಕೆಮ್ಮಾಯಿತು, ಕಾಕು ಓಡಿ ಬಂದು ಬೆನ್ನು ಸವರಿದರು. ಸುಧಾರಿಸಿಕೊಂಡ ಮೇಲೆ ಕಾಕಾ ಹೇಳಿದರು: "ಹನ್ನೊಂದು ವರ್ಷ ಒಂದು ದಿನಾನೂ ಬಿಡದಂಗ ಒತ್ತೀಯಲ್ಲ. ಹಂಗಾರ ಅದು ನಮಸ್ಕಾರನ ಹೌದು ಬಿಡು. ತಪ್ಪು ನಂದು. ಪೂರಾ ದಾರಿ ನಾನ ಬರೀಬೇಕಿತ್ತು. ದಿನಾ ನಾವು ಇರತೀವಿ ಅಂತ ತಿಳಿದಿದ್ದೆ."

ಧನ್ಯವಾದ ಎಂಬ ಪದ ನಮ್ಮ ಕಡೆ ಬಾಯಿಗೆ ಬರುವುದಿಲ್ಲ, ಬಂದರೂ ಭಾಷಣದ ಹಾಗೆ ಕೇಳುತ್ತದೆ. ಅವರ ಕಾಲಿನ ಹೊದಿಕೆಯನ್ನು ಸರಿ ಮಾಡಿದೆ. ಬಾಗಿಲ ಹತ್ತಿರ ಬಿದ್ದಿದ್ದ ಖಾಲಿ ಸಿಲಿಂಡರನ್ನು ಗೋಡೆಗೆ ಒರಗಿಸಿಟ್ಟೆ. ದ್ಯಾಮವ್ವನ ಎರಡು ಕ್ಯಾನು ಹಾಲು ಅವತ್ತು ಕಲ್ಲಿನ ಮೇಲೆಯೇ ಒಡೆದಿತ್ತು. ಅದರಲ್ಲೇ ಗಿಣ್ಣದಂತೆ ಏನೋ ಮಾಡಿ ಸಂಜೆ ಚೌಕದವರಿಗೆಲ್ಲ ಹಂಚಿದಳು. ಸಿಹಿ ಹೆಚ್ಚಾಗಿತ್ತು. ಆದರೂ ಎಲ್ಲರೂ ಬಟ್ಟಲು ಬಳಿದು ತಿಂದರು.

ಈಗ ಸರ್ವರಿನಲ್ಲಿ ಎಲ್ಲ ದಾರಿಗಳೂ ಓರೆಗೆರೆಯಿಂದಲೇ ಬರೆದಿವೆ. ನಾನು ಇಲ್ಲದಿದ್ದರೂ, ಸರ್ವರ್ ಯಾವ ಮೂಲೆಯಲ್ಲಿ ನಿಂತು ಎದ್ದರೂ, ಫೈಲ್ ಸಿಗುತ್ತದೆ, ಲಾಳಿ ಸಿಗುತ್ತದೆ. ಹುಲಗಪ್ಪ ಮೂರು ದಿನಕ್ಕೊಮ್ಮೆ ಏಳು ಗಂಟೆಗೆಲ್ಲ ಕಾಕಾನ ಬಾಗಿಲಲ್ಲಿರುತ್ತಾನೆ. ನಾನು ಆರೂವರೆಯವರೆಗೆ ಮಲಗಬಹುದು. ಆದರೂ ಆರು ಗಂಟೆಗೆ ಎದ್ದು, ಮುಖ ತೊಳೆದು, ಪರದೆಯ ಮುಂದೆ ಕೂತು ರಟ್ಟಿನ ಆ ಮೊದಲ ಸಾಲನ್ನು ಒತ್ತುತ್ತೇನೆ. ಅದರಿಂದ ಏನೂ ಆಗುವುದಿಲ್ಲ. ಒತ್ತಿ ಬಂದು ಒಲೆ ಹಚ್ಚುತ್ತೇನೆ.